ಮತದಾನದ ಮೊದಲ ಪಾಠ ಶಾಲೆಯಲ್ಲೇ ಆಗಲಿ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಆವರಣದಲ್ಲಿ ಏರ್ಪಡಿಸಿದ್ದ ಸದಸ್ಯರು ಮತ್ತು ಪೋಷಕರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಹಾಲಿನ ಸಂಘದ ಇಪ್ಪತ್ತೈದು ವರ್ಷದ ಸಂಭ್ರಮದಲ್ಲಿ ಹಸು, ಮೇವು, ಫ್ಯಾಟು, ಬಟವಾಡೆ ವಿಚಾರ ಬಿಟ್ಟು ಇವರೇನಪ್ಪ ಶಾಲೆ ಮಕ್ಕಳ ಎಲೆಕ್ಷನ್ ವಿಚಾರ ಎತ್ತಿಕೊಂಡರು ಅಂತ ತಮಗೆ ಅನ್ನಿಸಬಹುದು. ನಾವು ಎಸ್‌ಎಸ್‌ಎಲ್‌ಸಿ ತನಕ ಓದಿ ಮಣ್ಣು ಹಿಡಿದವರು. ದೊಡ್ಡ ಭಾಷಣ ನಮಗೆ ಬರುವುದಿಲ್ಲ. ಆದರೆ ಸಂಘ ಅನ್ನೋದು ನಿಂತಿರುವುದೇ ಓಟಿನ ಮೇಲೆ. ಎರಡು ಲೀಟರ್ ಹಾಕುವವನಿಗೂ ಒಂದೇ ಓಟು, ಇಪ್ಪತ್ತು ಲೀಟರ್ ಹಾಕುವವನಿಗೂ ಒಂದೇ ಓಟು. ಷೇರು ಎಷ್ಟಾದರೂ ಇರಲಿ, ಕೈಗೆ ಬರುವ ಮತಪತ್ರ ಒಂದೇ. ಇಂಗ್ಲೆಂಡಿನ ರಾಕ್‌ಡೇಲ್ ಎಂಬ ಊರಿನಲ್ಲಿ 1844ರಲ್ಲಿ 28 ಜನ ಬಡ ಕೆಲಸಗಾರರು ಸೇರಿ ಸಹಕಾರಿ ಅಂಗಡಿ ತೆರೆದಾಗಿನಿಂದ ಸಹಕಾರಿಗಳು ಬೆಳೆಸಿಕೊಂಡು ಬಂದ ಪದ್ಧತಿ ಇದು. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘದಿಂದ ನಮ್ಮ ನಾಡಿನ ಹಳ್ಳಿಗಳಿಗೂ ಸಹಕಾರ ಬಂತು. ಈ ಪದ್ಧತಿಯನ್ನು ಮುಂದೆ ನಡೆಸುವವರು ಯಾರು? ಈ ಚಾಪೆ ಮೇಲೆ ಕೂತಿದ್ದಾರಲ್ಲ, ಇವರೇ. ಅದಕ್ಕೇ ಈ ವಿಚಾರ ಎತ್ತಿಕೊಂಡಿದ್ದೇವೆ.

ನಾವು ಮೊದಲು ಓಟು ಹಾಕಿದ್ದು 1999ರಲ್ಲಿ. ಲೋಕಸಭೆಗೂ ವಿಧಾನಸಭೆಗೂ ನಮ್ಮ ರಾಜ್ಯದಲ್ಲಿ ಆಗ ಒಟ್ಟಿಗೇ ಚುನಾವಣೆ. ಕೈಗೆ ಎರಡು ಮತಪತ್ರ ಕೊಟ್ಟರು, ಒಂದು ಮುದ್ರೆ ಕೊಟ್ಟರು. ಮುದ್ರೆ ಎಲ್ಲಿ ಒತ್ತಬೇಕು, ಕಾಗದ ಹೇಗೆ ಮಡಿಸಬೇಕು, ಎರಡು ಚಿಹ್ನೆಯ ನಡುವಿನ ಗೆರೆ ಮೇಲೆ ಬಿದ್ದರೆ ಏನಾಗುತ್ತದೆ, ಇದ್ಯಾವುದನ್ನೂ ಹತ್ತು ವರ್ಷದ ಓದಿನಲ್ಲಿ ಯಾರೂ ಕೈಹಿಡಿದು ತೋರಿಸಿರಲಿಲ್ಲ. ಪೌರನೀತಿ ಪುಸ್ತಕದಲ್ಲಿ ಮತದಾನ ಪವಿತ್ರ ಹಕ್ಕು ಅಂತ ಬಾಯಿಪಾಠ ಮಾಡಿ ಅಂಕ ತಗೊಂಡಿದ್ದೆವು. ನಮ್ಮ ವಾರಗೆಯವರೆಲ್ಲರ ಕಥೆ ಇದೇ. ಈಜುವುದನ್ನು ಪುಸ್ತಕದಲ್ಲಿ ಓದಿ ಬಾವಿಗೆ ಇಳಿದ ಹಾಗೆ.

ಮತ ಹಾಕುವ ವಯಸ್ಸು ಮೊದಲು 21 ಇತ್ತು. ಸಂವಿಧಾನದ 61ನೇ ತಿದ್ದುಪಡಿಯಿಂದ 1989ರಲ್ಲಿ ಅದು 18ಕ್ಕೆ ಇಳಿಯಿತು. ಹದಿನೆಂಟು ಅಂದರೆ ಪಿಯುಸಿ ಮುಗಿಸುವ ವಯಸ್ಸು. ಶಾಲೆಯಲ್ಲಿ ಕಲಿಸದಿದ್ದರೆ ಇನ್ನೆಲ್ಲಿ ಕಲಿಯಬೇಕು? ಚುನಾವಣಾ ಆಯೋಗದವರಿಗೂ ಇದು ಹೊಳೆದು, 2018ರಿಂದ ಹೈಸ್ಕೂಲು, ಕಾಲೇಜುಗಳಲ್ಲಿ ಮತದಾರರ ಸಾಕ್ಷರತಾ ಕ್ಲಬ್ ಅಂತ ಮಾಡಿಸಿದ್ದಾರೆ. ಒಂಬತ್ತನೇ ತರಗತಿಯಿಂದ ಹನ್ನೆರಡನೇ ತರಗತಿ ಮಕ್ಕಳನ್ನು ಮುಂದಿನ ಮತದಾರರು ಅಂತ ಲೆಕ್ಕ ಹಿಡಿದು, ಆಟದ ಮೂಲಕ, ಅಣಕು ಮತದಾನದ ಮೂಲಕ ಕಲಿಸಬೇಕು ಎಂಬುದು ಅದರ ಉದ್ದೇಶ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಅದಕ್ಕೂ ಮೊದಲಿನಿಂದ ಶಾಲಾ ಸಂಸತ್ತು ಇದೆ. ಹೆಸರು ಇರುವುದು ಬೇರೆ, ಸರಿಯಾಗಿ ನಡೆಯುವುದು ಬೇರೆ. ನಮ್ಮೂರ ಶಾಲೆಯಲ್ಲಿ ಕೆಲವು ವರ್ಷದಿಂದ ಇದು ಸರಿಯಾಗಿ ನಡೆಯುತ್ತಿದೆ. ಅದನ್ನು ಹತ್ತಿರದಿಂದ ಕಂಡಿದ್ದೇವೆ. ಕಂಡಿದ್ದನ್ನೇ ಹೇಳುತ್ತೇವೆ.

ಕೈ ಎತ್ತುವುದೂ, ಚೀಟಿ ಹಾಕುವುದೂ

ಮೊದಲೆಲ್ಲ ಇಲ್ಲಿ ನಾಯಕನ ಆಯ್ಕೆ ಹೇಗಿತ್ತು? ಮೇಷ್ಟ್ರು ಎರಡು ಹೆಸರು ಹೇಳೋರು, ಮಕ್ಕಳು ಕೈ ಎತ್ತೋರು. ಕೈ ಎತ್ತುವ ಮೊದಲು ಪ್ರತಿ ಮಗುವೂ ಅಕ್ಕಪಕ್ಕ ತಿರುಗಿ ನೋಡೋದು. ಯಾರ ಮನೆ ಹೊಲಕ್ಕೆ ನಮ್ಮಪ್ಪ ಕೂಲಿ ಹೋಗ್ತಾನೆ, ಯಾರು ನಾಳೆ ಆಟಕ್ಕೆ ಸೇರಿಸ್ಕೊಳ್ಳಲ್ಲ, ಇದೆಲ್ಲ ಹತ್ತು ವರ್ಷದ ಮಗುವಿಗೂ ಗೊತ್ತಿರುತ್ತೆ ಸ್ವಾಮಿ. ಕೊನೆಗೆ ದೊಡ್ಡ ಮನೆಯ ಹುಡುಗನಿಗೇ ಎಲ್ಲಾ ಕೈ. ಚೀಟಿ ಪದ್ಧತಿ ತಂದ ವರ್ಷ ಲೆಕ್ಕವೇ ಬೇರೆಯಾಯಿತು. ಮಾತು ಕಡಿಮೆ ಆಡುವ, ನೀರಿನ ತೊಟ್ಟಿ ತಾನೇ ಮುಂದೆ ನಿಂತು ತೊಳೆಸುತ್ತಿದ್ದ ಒಂದು ಹೆಣ್ಣು ಮಗು ಗೆದ್ದಿತು. ಆ ಮಗು ಯಾವ ಕೇರಿಯದು ಅಂತ ಕೆಲವರು ಕೇಳಿದರು. ಮಕ್ಕಳು ಕೇಳಲಿಲ್ಲ. ಚೀಟಿ ಮೇಲೆ ಕೇರಿಯ ಹೆಸರು ಇರಲಿಲ್ಲ.

ಗುಪ್ತ ಮತದಾನ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಪಾಠ ಬೇಕೆ? ಬಡವನ ಓಟಿಗೆ ಬೇಲಿ ಅಂದರೆ ಈ ಗುಟ್ಟು. ಅದಕ್ಕೇ 1951ರ ಪ್ರಜಾಪ್ರತಿನಿಧಿ ಕಾಯಿದೆಯಲ್ಲಿ ಮತದ ಗೋಪ್ಯತೆ ಕಾಪಾಡುವುದು ಸಿಬ್ಬಂದಿಯ ಕರ್ತವ್ಯ ಅಂತ ಬರೆದಿದ್ದಾರೆ. ಬೂತಿನಲ್ಲಿ ಕೆಲಸ ಮಾಡುವ ಯಾವ ಅಧಿಕಾರಿಯೇ ಆಗಲಿ, ಯಾವ ಏಜೆಂಟನೇ ಆಗಲಿ, ಗುಟ್ಟು ಬಿಟ್ಟುಕೊಟ್ಟರೆ ಶಿಕ್ಷೆ ಉಂಟು.

ಒಂದೊಂದು ಹೆಜ್ಜೆಗೂ ಒಂದೊಂದು ಅರ್ಥ

ಈಗ ಪ್ರತಿ ವರ್ಷ ಶಾಲೆ ಶುರುವಾಗಿ ಮೂರು ನಾಲ್ಕು ವಾರಕ್ಕೆ ಚುನಾವಣೆ. ಮುಖ್ಯೋಪಾಧ್ಯಾಯರು ನೋಟಿಸ್ ಬೋರ್ಡಿಗೆ ಅಧಿಸೂಚನೆ ಹಾಕುತ್ತಾರೆ. ನಾಮಪತ್ರಕ್ಕೆ ಒಂದು ದಿನ, ಪರಿಶೀಲನೆಗೆ ಒಂದು ದಿನ, ವಾಪಸ್ ತೆಗೆದುಕೊಳ್ಳುವುದಕ್ಕೆ ಒಂದು ದಿನ, ಪ್ರಚಾರಕ್ಕೆ ಎರಡು ದಿನ. ಪ್ರತಿ ನಾಮಪತ್ರಕ್ಕೂ ಒಬ್ಬ ಸೂಚಕ ಬೇಕು. ಮತದಾರರ ಪಟ್ಟಿಯನ್ನು ಮಕ್ಕಳೇ ಹಾಜರಾತಿ ಪುಸ್ತಕ ನೋಡಿ ಬರೆಯುತ್ತಾರೆ. ಹೆಸರು ಬಿಟ್ಟುಹೋಗಿದ್ದರೆ ಆಕ್ಷೇಪಣೆ ಕೊಡಬಹುದು. ಒಂದು ವರ್ಷ ವರ್ಗಾವಣೆ ತಗೊಂಡು ಹೊಸದಾಗಿ ಸೇರಿದ ಹುಡುಗಿಯ ಹೆಸರು ಬಿಟ್ಟುಹೋಗಿತ್ತು. ಅವಳೇ ಬಂದು ಅರ್ಜಿ ಕೊಟ್ಟು ಸೇರಿಸಿಕೊಂಡಳು. ನಮ್ಮೂರಲ್ಲಿ ಓಟಿನ ದಿನ ಬೂತಿನ ಮುಂದೆ ನಿಂತು ಪಟ್ಟಿಯಲ್ಲಿ ನಮ್ಮ ಹೆಸರೇ ಇಲ್ಲ ಅಂತ ಕೂಗಾಡುವ ದೊಡ್ಡವರು ಎಷ್ಟು ಜನ ಇಲ್ಲ? ಪಟ್ಟಿ ನೋಡಬೇಕಾದ್ದು ಓಟಿನ ದಿನ ಅಲ್ಲ, ಅದಕ್ಕಿಂತ ಮೊದಲು ಅನ್ನುವುದನ್ನು ಆ ಹುಡುಗಿ ಆರನೇ ತರಗತಿಯಲ್ಲೇ ಕಲಿತಳು.

ಚಿಹ್ನೆಗಳಿಗೆ ಮಕ್ಕಳು ನೇಗಿಲು, ಕೊಡೆ, ಬುಗುರಿ, ಹಾಲಿನ ಕ್ಯಾನು ಅಂತ ಆರಿಸಿಕೊಳ್ಳುತ್ತಾರೆ. ಚಿಹ್ನೆ ಯಾಕೆ ಬಂತು ಅಂತ ಟೀಚರಮ್ಮ ಕೇಳುತ್ತಾರೆ. 1951-52ರಲ್ಲಿ ಮೊದಲ ಮಹಾಚುನಾವಣೆ ನಡೆದಾಗ ದೇಶದಲ್ಲಿ ಹದಿನೇಳು ಕೋಟಿಗೂ ಮೇಲ್ಪಟ್ಟು ಮತದಾರರು. ಅವರಲ್ಲಿ ಬಹುಪಾಲು ಜನಕ್ಕೆ ಓದು ಬರಹ ಇಲ್ಲ. ಅದಕ್ಕೇ ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ ಇಟ್ಟು, ಪೆಟ್ಟಿಗೆ ಮೇಲೆ ಚಿಹ್ನೆ ಅಂಟಿಸಿದರು. ಆಗ ಮುಖ್ಯ ಚುನಾವಣಾ ಆಯುಕ್ತರಾಗಿದ್ದವರು ಸುಕುಮಾರ್ ಸೇನ್. ಪಟ್ಟಿ ತಯಾರು ಮಾಡುವಾಗ ಉತ್ತರದ ಕಡೆ ಬಹಳ ಹೆಂಗಸರು ತಮ್ಮ ಹೆಸರು ಹೇಳಲು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಅಂತಷ್ಟೇ ಬರೆಸಿದರು. ಸ್ವಂತ ಹೆಸರಿಲ್ಲದೆ ಓಟು ಇಲ್ಲ ಅಂತ ಆಯೋಗ ಗಟ್ಟಿಯಾಗಿ ನಿಂತು, ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಹೊರಗೆ ಉಳಿಯಿತು. ಮುಂದಿನ ಸಲ ಅಂಥವರಲ್ಲಿ ಬಹಳ ಜನ ಹೆಸರು ಹೇಳಿ ಬರೆಸಿದರು. ತಾಯಂದಿರೇ, ನಮ್ಮ ಸಂಘದ ಪಾಸ್‌ಬುಕ್ಕಿನಲ್ಲಿ ಹಾಲು ಕರೆಯುವವರ ಹೆಸರಿದೆಯೋ, ಮನೆ ಯಜಮಾನರ ಹೆಸರಿದೆಯೋ, ಒಂದು ಸಲ ಮನೆಗೆ ಹೋಗಿ ತೆಗೆದು ನೋಡಿ.

ಮತದಾನದ ದಿನ ಮಕ್ಕಳೇ ಅಧಿಕಾರಿಗಳು. ನಿಜವಾದ ಮತಗಟ್ಟೆಯಲ್ಲಿ ಹೇಗಿರುತ್ತದೋ ಹಾಗೇ. ಒಬ್ಬ ಮತಗಟ್ಟೆ ಅಧ್ಯಕ್ಷಾಧಿಕಾರಿ. ಮೊದಲನೇ ಅಧಿಕಾರಿ ಪಟ್ಟಿಯಲ್ಲಿ ಹೆಸರು ಗುರುತಿಸಿ ಗಟ್ಟಿಯಾಗಿ ಓದುತ್ತಾನೆ. ಗಟ್ಟಿಯಾಗಿ ಯಾಕೆ? ಏಜೆಂಟರಿಗೆ ಕೇಳಬೇಕು, ಸುಳ್ಳು ಹೆಸರಾದರೆ ಅವರು ಅಲ್ಲೇ ತಡೆಯಬೇಕು. ಎರಡನೇ ಅಧಿಕಾರಿ ಎಡಗೈ ತೋರುಬೆರಳಿಗೆ ಗುರುತು ಹಾಕಿ ರಿಜಿಸ್ಟರಿನಲ್ಲಿ ಸಹಿ ತಗೊಳ್ಳುತ್ತಾಳೆ. ಮೂರನೆಯವನು ಚೀಟಿ ಕೊಟ್ಟು ಮರೆಯೊಳಗೆ ಕಳಿಸುತ್ತಾನೆ. ಮರೆಗೆ ಹಳೇ ಪಾಠೋಪಕರಣದ ರಟ್ಟಿನ ಪೆಟ್ಟಿಗೆಯೇ ಸಾಕು. ಬೆರಳಿಗೆ ಸ್ಕೆಚ್ ಪೆನ್ನು. ನಿಜವಾದ ಶಾಯಿ ನಮ್ಮ ಮೈಸೂರಿನದೇ ಅನ್ನುವುದು ಮಕ್ಕಳಿಗೆ ದೊಡ್ಡ ಹೆಮ್ಮೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1937ರಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆ, ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ, 1962ರ ಚುನಾವಣೆಯಿಂದ ಈ ಶಾಯಿ ಮಾಡಿಕೊಡುತ್ತಾ ಇದೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇರುವುದರಿಂದ ಬೆಳಕು ಬಿದ್ದ ಹಾಗೆ ಚರ್ಮದ ಮೇಲೆ ಕಪ್ಪಾಗಿ ಕೂತುಬಿಡುತ್ತದೆ, ಸೋಪಿಗೆ ಜಗ್ಗುವುದಿಲ್ಲ.

ಕಳೆದ ವರ್ಷ ಒಬ್ಬ ಮೇಷ್ಟ್ರು ತಮ್ಮ ಮೊಬೈಲಿನಲ್ಲೇ ಮತಯಂತ್ರದ ಹಾಗೆ ಮಾಡಿ ತೋರಿಸಿದರು. ಗುಂಡಿ ಒತ್ತಿದರೆ ಬೀಪ್ ಅನ್ನುತ್ತೆ, ಮಕ್ಕಳಿಗೆ ಖುಷಿ. ಆಗ ಅವರು ನಿಜವಾದ ಯಂತ್ರದ ಕಥೆಯನ್ನೂ ಹೇಳಿದರು. ಕೇರಳದ ಪರವೂರಿನಲ್ಲಿ 1982ರಲ್ಲಿ ಮೊದಲ ಸಲ ಅದನ್ನು ಬಳಸಿದ್ದು, 2004ರ ಲೋಕಸಭೆಗೆ ದೇಶದ ಎಲ್ಲಾ ಕ್ಷೇತ್ರಕ್ಕೂ ಬಂದಿದ್ದು, ಅದನ್ನು ತಯಾರಿಸುವ ಎರಡು ಸರ್ಕಾರಿ ಕಂಪನಿಗಳಲ್ಲಿ ಒಂದು ನಮ್ಮ ಬೆಂಗಳೂರಿನ ಬಿಇಎಲ್, ಇನ್ನೊಂದು ಹೈದರಾಬಾದಿನ ಇಸಿಐಎಲ್. ಮತದಾನ ಶುರುವಾಗುವ ಮೊದಲು ಏಜೆಂಟರ ಎದುರಿಗೇ ಕನಿಷ್ಠ 50 ಅಣಕು ಓಟು ಹಾಕಿ, ಎಣಿಸಿ ತೋರಿಸಿ, ಅಳಿಸಿ, ಆಮೇಲೆ ಸೀಲು ಮಾಡುತ್ತಾರೆ. ಈಗ ಪಕ್ಕದಲ್ಲಿ ವಿವಿಪ್ಯಾಟ್ ಇರುತ್ತೆ. ಯಾರಿಗೆ ಹಾಕಿದೆವೋ ಆ ಚಿಹ್ನೆಯ ಚೀಟಿ ಏಳು ಸೆಕೆಂಡ್ ಗಾಜಿನೊಳಗೆ ಕಂಡು ಕೆಳಗೆ ಬೀಳುತ್ತೆ. ನಮ್ಮ ಡೈರಿಯಲ್ಲಿ ಫ್ಯಾಟ್ ಮಷೀನಿನ ಅಂಕಿ ಹಾಲು ಹಾಕಿದವರ ಕಡೆ ಕಾಣುವ ಹಾಗೆ ಇಡಿ ಅಂತ ತಾವೇ ಗಲಾಟೆ ಮಾಡಿ ಇಡಿಸಿದಿರಿ, ನೆನಪಿದೆಯಾ? ಕಣ್ಣಿಗೆ ಕಂಡರೆ ನಂಬಿಕೆ. ಡೈರಿಗೂ ಅದೇ, ಓಟಿಗೂ ಅದೇ.

ಒಂದು ಚೀಟಿ ಹೆಚ್ಚಾದಾಗ

ಒಂದು ವರ್ಷ ಎಣಿಕೆ ಹೊತ್ತಿಗೆ ತಕರಾರು ಬಂತು. ರಿಜಿಸ್ಟರಿನಲ್ಲಿ 96 ಸಹಿ. ಪೆಟ್ಟಿಗೆಯಲ್ಲಿ 97 ಚೀಟಿ. ಹೋಗಲಿ ಬಿಡಿ, ಒಂದು ತಾನೇ ಅಂದರು ಅಲ್ಲಿದ್ದ ದೊಡ್ಡವರೊಬ್ಬರು. ಅಧ್ಯಕ್ಷಾಧಿಕಾರಿಯಾಗಿದ್ದ ಏಳನೇ ತರಗತಿ ಹುಡುಗಿ ಬಿಡಲಿಲ್ಲ. ಮೊದಲು ಕತ್ತರಿಸಿದ್ದ ಒಟ್ಟು ಚೀಟಿ ಎಷ್ಟು? 110. ಮಿಕ್ಕಿದ್ದು ಎಷ್ಟು? 13. ಅಲ್ಲಿಗೆ ಕೊಟ್ಟಿದ್ದು 97 ಸರಿ. ಹಾಗಾದರೆ ಯಾರೋ ಒಬ್ಬರು ಎರಡು ತಗೊಂಡಿರಬೇಕು, ಇಲ್ಲವೇ ಒಬ್ಬರ ಸಹಿ ತಪ್ಪಿರಬೇಕು. ಹಾಜರಾತಿ ಹಿಡಿದು ಹೆಸರು ಹೆಸರಾಗಿ ತಾಳೆ ನೋಡಿದರು. ನಾಲ್ಕನೇ ತರಗತಿಯ ಒಬ್ಬ ಹುಡುಗನ ಹೆಸರಿನ ಮುಂದೆ ಸಹಿ ಇಲ್ಲ, ಆದರೆ ಬೆರಳಿನಲ್ಲಿ ಗುರುತು ಇದೆ. ಸಾಲಿನಲ್ಲಿ ನೂಕುನುಗ್ಗಲಾದಾಗ ಸಹಿ ತಪ್ಪಿತ್ತು. ಎಲ್ಲಾ ಏಜೆಂಟರ ಎದುರಿಗೆ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಅವರ ಸಹಿ ಹಾಕಿಸಿಕೊಂಡು, ಆಮೇಲೆ ಚೀಟಿ ಬಿಡಿಸಿ ಎಣಿಸಿದರು.

ಅರ್ಧ ಗಂಟೆ ತಡವಾಯಿತು, ಬಿಸಿಯೂಟ ಆರಿತು. ಆದರೆ ಸೋತ ಹುಡುಗ ಮೋಸ ಅಂತ ಒಂದು ಮಾತು ಆಡಲಿಲ್ಲ. ನಿಜವಾದ ಚುನಾವಣೆಯಲ್ಲೂ ಮತದಾನ ಮುಗಿದ ಮೇಲೆ ರಿಜಿಸ್ಟರಿನ ಲೆಕ್ಕ, ಯಂತ್ರದ ಲೆಕ್ಕ ಬರೆದು 17ಸಿ ನಮೂನೆಯ ಪ್ರತಿಯನ್ನು ಏಜೆಂಟರಿಗೆ ಕೊಡುವುದು ಇದಕ್ಕೇ. ಗೆದ್ದವನನ್ನು ಗೆದ್ದ ಅಂತ ಒಪ್ಪಿಸುವುದು ಸುಲಭ, ಸೋತವನನ್ನು ಸೋತೆ ಅಂತ ಒಪ್ಪಿಸಬೇಕಲ್ಲ, ಅದಕ್ಕೆ ಇಷ್ಟೆಲ್ಲಾ ಲೆಕ್ಕ ಬೇಕು.

ಒಂದು ಓಟಿನಿಂದ ಏನಾದೀತು ಅನ್ನುವವರಿಗೆ ಮೇಷ್ಟ್ರು ನಮ್ಮ ಪಕ್ಕದ ಸೀಮೆಯ ಉದಾಹರಣೆಯನ್ನೇ ಕೊಡುತ್ತಾರೆ. 2004ರ ವಿಧಾನಸಭೆ ಚುನಾವಣೆ, ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರ. ಆರ್. ಧ್ರುವನಾರಾಯಣ ಅವರಿಗೆ 40,752 ಮತ. ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತ. ಕೃಷ್ಣಮೂರ್ತಿಯವರು ಮತ್ತೆ ವಿಧಾನಸಭೆಗೆ ಗೆದ್ದುಬಂದದ್ದು 2023ರಲ್ಲಿ, ಕೊಳ್ಳೇಗಾಲದಿಂದ. ರಾಜಸ್ಥಾನದ ನಾಥದ್ವಾರದಲ್ಲಿ 2008ರಲ್ಲಿ ಸಿ.ಪಿ. ಜೋಶಿಯವರೂ ಒಂದೇ ಮತದಿಂದ ಸೋತರು. ನಾನೊಬ್ಬ ಹೋಗದಿದ್ದರೆ ಏನು ಮಹಾ ಅಂತ ಹೊಲದಲ್ಲೇ ಉಳಿದವರು ಈ ಲೆಕ್ಕ ಕೇಳಬೇಕು.

ಪೆನ್ನಿನ ಪ್ರಕರಣ

ಈಗ ಸ್ವಲ್ಪ ಕಹಿ ವಿಚಾರ. ಒಂದು ವರ್ಷ ಒಬ್ಬ ಅಭ್ಯರ್ಥಿ ಹುಡುಗ ಮತದಾನದ ಹಿಂದಿನ ದಿನ ಮಕ್ಕಳಿಗೆಲ್ಲ ಒಂದೊಂದು ಪೆನ್ನು ಹಂಚಿದ. ಹುಡುಗನಿಗೆ ಪೆನ್ನು ಎಲ್ಲಿಂದ ಬಂತು? ಅಪ್ಪ ಪೇಟೆಯಿಂದ ಡಬ್ಬಿಗಟ್ಟಲೆ ತಂದುಕೊಟ್ಟಿದ್ದರು. ಅವರು ನಮ್ಮ ಸಂಘಕ್ಕೆ ಬೇಕಾದವರು, ಹೆಸರು ಬೇಡ. ಮಕ್ಕಳ ಚುನಾವಣಾ ಸಮಿತಿ ಕೂತಿತು. ಹಂಚಿದ ಪೆನ್ನೆಲ್ಲ ವಾಪಸ್ ತರಿಸಿ ಶಾಲೆಯ ಸಾಮಾನ್ಯ ಡಬ್ಬಿಗೆ ಹಾಕಿ, ಪೆನ್ನು ಇಲ್ಲದವರು ಬಳಸಲಿ ಅಂತ ತೀರ್ಮಾನ ಮಾಡಿದರು. ಆ ಹುಡುಗನಿಗೆ ಪ್ರಾರ್ಥನೆಯ ಹೊತ್ತಿನಲ್ಲಿ ಎಚ್ಚರಿಕೆ ಕೊಟ್ಟು, ನಿಲ್ಲಲು ಬಿಟ್ಟರು. ಅವನು ಸೋತ.

ಅಪ್ಪನಿಗೆ ಸಿಟ್ಟು ಬಂತು. ಮಕ್ಕಳಾಟಕ್ಕೆ ಇಷ್ಟು ಕಟ್ಟುನಿಟ್ಟು ಬೇಕಾ, ಪೆನ್ನು ಓದೋ ಸಾಮಾನು ತಾನೇ, ಹೆಂಡ ಹಂಚಿದ್ವಾ ಅಂತ ನಮ್ಮ ಹತ್ತಿರವೂ ಜಗಳ ಆಡಿದರು. ನಾವು ಹೇಳಿದ್ದು ಇಷ್ಟೇ: ಅಣ್ಣಾ, ಹತ್ತು ರೂಪಾಯಿ ಪೆನ್ನಿಗೆ ಓಟು ಕೊಡೋದು ಇವತ್ತು ಅಭ್ಯಾಸವಾದರೆ, ಹದಿನೆಂಟಕ್ಕೆ ಐನೂರು ರೂಪಾಯಿ ನೋಟಿಗೆ ಕೊಡೋದು ಕಷ್ಟವಾಗಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಓಟಿಗೆ ದುಡ್ಡು ಕೊಟ್ಟವನೂ ಕಾನೂನಿನಲ್ಲಿ ತಪ್ಪಿತಸ್ಥ, ತಗೊಂಡವನೂ ತಪ್ಪಿತಸ್ಥ, ಒಂದು ವರ್ಷದ ತನಕ ಜೈಲಿಗೆ ಅವಕಾಶ ಇದೆ. ಅವರು ಇವತ್ತಿಗೂ ನಮ್ಮ ಮಾತು ಪೂರ್ತಿ ಒಪ್ಪಿಲ್ಲ. ಇರಲಿ. ಆದರೆ ಆ ಹುಡುಗ ಮಾರನೇ ವರ್ಷ ಮತ್ತೆ ನಿಂತ, ಏನೂ ಹಂಚಲಿಲ್ಲ, ಗ್ರಂಥಾಲಯ ಮಂತ್ರಿಯಾದ. ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದ ಪುಸ್ತಕ ಹೊರಗೆ ಬಂದದ್ದು ಅವನ ಕಾಲದಲ್ಲೇ.

ಗೆದ್ದ ಮೇಲೆ ಮುಗಿಯುವುದಿಲ್ಲ ಅನ್ನುವುದು ಇನ್ನೊಂದು ಪಾಠ. ಪ್ರಮಾಣವಚನ ಆದ ಮೇಲೆ ತಿಂಗಳಿಗೊಂದು ಶನಿವಾರ ಸಂಸತ್ತು ಸೇರುತ್ತದೆ. ಆಹಾರ ಮಂತ್ರಿ ಬಿಸಿಯೂಟದ ಬಗ್ಗೆ ಉತ್ತರ ಕೊಡಬೇಕು, ನೀರಿನ ಮಂತ್ರಿ ನಲ್ಲಿ ಬಗ್ಗೆ, ಆರೋಗ್ಯ ಮಂತ್ರಿ ಶೌಚಾಲಯದ ಬಗ್ಗೆ. ಒಬ್ಬ ಹುಡುಗ ಶಾಲೆಯ ಗೇಟಿಗೇ ಬಸ್ಸು ನಿಲ್ಲಿಸುತ್ತೇನೆ ಅಂತ ಹೇಳಿ ಗೆದ್ದಿದ್ದ. ದೀಪಾವಳಿ ರಜೆ ಕಳೆದು ಬಂದ ಮೇಲೆ ಮೂರನೇ ಬೆಂಚಿನ ಹುಡುಗಿ ಎದ್ದು ನಿಂತು, ಬಸ್ಸು ಎಲ್ಲಿ ಅಂತ ಕೇಳಿದಳು. ಅವನಿಗೆ ಉತ್ತರ ಬರಲಿಲ್ಲ. ಆಮೇಲೆ ಡಿಪೋ ಮ್ಯಾನೇಜರಿಗೆ ಮಕ್ಕಳೆಲ್ಲ ಸೇರಿ ಅರ್ಜಿ ಬರೆದರು. ಬಸ್ಸು ಇನ್ನೂ ನಿಲ್ಲುತ್ತಿಲ್ಲ. ಆದರೆ ಕೈಯಲ್ಲಾಗದ್ದನ್ನು ಮಾತಿನಲ್ಲಿ ಕೊಡಬಾರದು ಅಂತ ಆ ಹುಡುಗನಿಗೂ ಗೊತ್ತಾಯಿತು, ಕೇಳುವ ಹಕ್ಕು ನಮಗಿದೆ ಅಂತ ಮಿಕ್ಕವರಿಗೂ ಗೊತ್ತಾಯಿತು. ವರ್ಷಕ್ಕೊಮ್ಮೆ ಪಂಚಾಯಿತಿಯಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ನಮ್ಮ ಶಾಲೆಯವರು ಹೆದರದೆ ಮಾತಾಡುವುದು ಈ ಅಭ್ಯಾಸದಿಂದಲೇ.

ಆಕ್ಷೇಪಣೆಗೆ ಉತ್ತರ

ಊರಿನಲ್ಲಿ ಕೆಲವರ ಮಾತು ಕೇಳಿದ್ದೇವೆ. ಶಾಲೆಗೆ ರಾಜಕೀಯ ತಂದರು, ಮಕ್ಕಳಲ್ಲೂ ಪಾರ್ಟಿ ಆಗುತ್ತೆ, ಪಾಠ ಹಾಳು ಅಂತ. ಪಾಠದ ಹೊತ್ತು ಒಟ್ಟು ಸೇರಿಸಿದರೂ ಒಂದು ದಿನ ಹೋಗುತ್ತೆ, ಆ ದಿನವೂ ಪಾಠವೇ. ಪಾರ್ಟಿ ವಿಚಾರ ನಿಜ, ಎಚ್ಚರ ಬೇಕು. ಅದಕ್ಕೇ ಯಾವ ಪಕ್ಷದ ಚಿಹ್ನೆಯನ್ನೂ ಇಲ್ಲಿ ಕೊಡುವುದಿಲ್ಲ, ಊರಿನವರು ಪ್ರಚಾರಕ್ಕೆ ಬರುವ ಹಾಗಿಲ್ಲ, ಎಣಿಕೆ ಆದ ಮೇಲೆ ಗೆದ್ದವರು ಸೋತವರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕು. ಮಕ್ಕಳು ಮಾರನೇ ದಿನಕ್ಕೆ ಜಗಳ ಮರೆಯುತ್ತಾರೆ. ಪಂಚಾಯಿತಿ ಎಲೆಕ್ಷನ್ ಆಗಿ ವರ್ಷಗಟ್ಟಲೆ ಅಣ್ಣತಮ್ಮಂದಿರು ಮಾತು ಬಿಡುವುದು ನಾವು, ದೊಡ್ಡವರು.

ಇನ್ನೊಂದು ಮಾತು, ಅವಿರೋಧ ಆಯ್ಕೆ ಒಳ್ಳೇದು, ಖರ್ಚಿಲ್ಲ ಗಲಾಟೆ ಇಲ್ಲ ಅನ್ನುವುದು. ಶಾಲೆಯಲ್ಲಿ ಒಂದು ಹುಡುಗಿ ನಮ್ಮನ್ನೇ ಕೇಳಿದಳು: ಮಾವ, ನಿಮ್ಮ ಡೈರಿಯಲ್ಲಿ ಎಷ್ಟು ಸಲ ಓಟು ನಡೆದಿದೆ? ಲೆಕ್ಕ ಹಾಕಿದೆವು. ಐದು ವರ್ಷಕ್ಕೊಮ್ಮೆ ಆಡಳಿತ ಮಂಡಳಿ ಬದಲಾದರೂ, ಪೆಟ್ಟಿಗೆ ಇಟ್ಟು ಓಟು ನಡೆದದ್ದು ಒಂದೇ ಸಲ. ಮಿಕ್ಕಿದ್ದೆಲ್ಲ ಅರಳೀಕಟ್ಟೆ ತೀರ್ಮಾನ. ಅವಿರೋಧ ತಪ್ಪು ಅಂತ ನಾವು ಹೇಳುವುದಿಲ್ಲ. ಎಲ್ಲರೂ ಮನಸಾರೆ ಒಪ್ಪಿ ಆದರೆ ಅದಕ್ಕಿಂತ ಸಂತೋಷ ಬೇರೆ ಇಲ್ಲ. ಆದರೆ ನಿಲ್ಲಬೇಕು ಅಂದವನನ್ನು ಹೆದರಿಸಿ ಕೂರಿಸಿದರೆ, ದುಡ್ಡು ಕೊಟ್ಟು ವಾಪಸ್ ತೆಗೆಸಿದರೆ, ಅದು ಅವಿರೋಧ ಅಲ್ಲ, ಬಾಯಿ ಮುಚ್ಚಿಸಿದ್ದು. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ರಾಜ್ಯದ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನವನ್ನೇ ಲಕ್ಷಗಟ್ಟಲೆಗೆ ಹರಾಜು ಕೂಗಿದ ಸುದ್ದಿ ಪೇಪರಿನಲ್ಲಿ ಬಂತು, ರಾಜ್ಯ ಚುನಾವಣಾ ಆಯೋಗ ಕ್ರಮ ಕೈಗೊಳ್ಳುವ ಎಚ್ಚರಿಕೆ ಕೊಟ್ಟಿತು. ದುಡ್ಡು ದೇವಸ್ಥಾನಕ್ಕೇ ಹೋದರೂ, ಓಟು ಮಾರಿದ್ದು ಮಾರಿದ್ದೇ. ಬಡವನೊಬ್ಬ ನಿಲ್ಲುವ ದಾರಿ ಮುಚ್ಚಿದ್ದು ಮುಚ್ಚಿದ್ದೇ. ಹನ್ನೆರಡು ವರ್ಷದ ಹುಡುಗಿಗೆ ನಾವು ಏನು ಉತ್ತರ ಕೊಡಬೇಕು ಅನ್ನುವುದನ್ನು ಈ ರಜತ ವರ್ಷದಲ್ಲಿ ಆಡಳಿತ ಮಂಡಳಿಯೂ ಯೋಚಿಸಬೇಕು, ಸದಸ್ಯರೂ ಯೋಚಿಸಬೇಕು.

ಸಂಘ ಮಾಡಬಹುದಾದ ನಾಲ್ಕು ಕೆಲಸ

ಬರೀ ಮಾತಾಡಿ ಕೂರುವುದು ಬೇಡ. ನಮ್ಮ ಅಳವಿನಲ್ಲಿ ನಾಲ್ಕು ಕೆಲಸ ಆಗಬಹುದು ಅಂತ ಸಭೆಯ ಮುಂದೆ ಇಡುತ್ತೇವೆ.

ಒಂದು, ಶಾಲೆಗೆ ಒಂದು ಗಟ್ಟಿ ಮತಪೆಟ್ಟಿಗೆ, ಮಡಿಸುವ ಮರೆ, ನಡಾವಳಿ ಪುಸ್ತಕ ಇಷ್ಟನ್ನು ಸಂಘದ ವತಿಯಿಂದ ಕೊಡಿಸುವುದು. ದೊಡ್ಡ ಖರ್ಚಲ್ಲ. ಕ್ಯಾನು ರಿಪೇರಿ ಮಾಡುವವರ ಹತ್ತಿರವೇ ತಗಡಿನ ಪೆಟ್ಟಿಗೆ ಮಾಡಿಸಬಹುದು.

ಎರಡು, ನಮ್ಮ ವಾರ್ಷಿಕ ಮಹಾಸಭೆಗೆ ಶಾಲಾ ಸಂಸತ್ತಿನ ಮಕ್ಕಳನ್ನು ನೋಡುವುದಕ್ಕೆ ಕರೆಯುವುದು. ಲೆಕ್ಕಪತ್ರ ಓದುವಾಗ ಹಿರಿಯರು ಪ್ರಶ್ನೆ ಕೇಳುವುದನ್ನು ಮಕ್ಕಳು ನೋಡಲಿ. ಮಕ್ಕಳು ನೋಡುತ್ತಿದ್ದಾರೆ ಅಂದರೆ ನಾವೂ ಸ್ವಲ್ಪ ಹದವಾಗಿ ಮಾತಾಡುತ್ತೇವೆ.

ಮೂರು, ಹದಿನೇಳು ತುಂಬಿದ ನಮ್ಮ ಸದಸ್ಯರ ಮಕ್ಕಳ ಪಟ್ಟಿ ಮಾಡಿ, ಮತದಾರರ ಪಟ್ಟಿಗೆ ಹೆಸರು ಸೇರಿಸಲು ನಮೂನೆ 6 ತುಂಬಿಸುವುದು. ಮೊದಲು ಜನವರಿ 1 ಒಂದೇ ದಿನಾಂಕ ಇತ್ತು. ಜನವರಿ 2ಕ್ಕೆ ಹದಿನೆಂಟಾದವರು ಒಂದು ವರ್ಷ ಕಾಯಬೇಕಿತ್ತು. 2022ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಅಂತ ನಾಲ್ಕು ದಿನಾಂಕ ಆಗಿದೆ. ಹದಿನೇಳು ದಾಟಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು, ಬೆಂಗಳೂರಿಗೆ ಕೆಲಸಕ್ಕೆ ಹೋಗಿ ನೆಲೆ ನಿಂತ ಗಂಡುಮಕ್ಕಳು ನಮೂನೆ 8 ಕೊಟ್ಟು ಹೆಸರು ವರ್ಗ ಮಾಡಿಸಿಕೊಳ್ಳಬೇಕು. 2024ರ ಲೋಕಸಭೆ ಚುನಾವಣೆಯಲ್ಲಿ ಮಂಡ್ಯ ಕ್ಷೇತ್ರದಲ್ಲಿ ನೂರಕ್ಕೆ ಎಂಬತ್ತೊಂದು ಜನ ಓಟು ಹಾಕಿದರೆ, ಬೆಂಗಳೂರು ದಕ್ಷಿಣದಲ್ಲಿ ಐವತ್ತಮೂರರ ಆಸುಪಾಸಿಗೆ ನಿಂತಿತು. ಊರಿನಿಂದ ಹೋದ ನಮ್ಮ ಹುಡುಗರ ಹೆಸರು ಅಲ್ಲೂ ಇಲ್ಲ ಇಲ್ಲೂ ಇಲ್ಲ ಅನ್ನುವ ಹಾಗೆ ಆಗಬಾರದು.

ನಾಲ್ಕು, ಜನವರಿ 25. ಚುನಾವಣಾ ಆಯೋಗ ಹುಟ್ಟಿದ್ದು 1950ರ ಆ ದಿನ, 2011ರಿಂದ ಅದನ್ನು ರಾಷ್ಟ್ರೀಯ ಮತದಾರರ ದಿನ ಅಂತ ಆಚರಿಸುತ್ತಾರೆ. ಮಾರನೇ ದಿನ ಗಣರಾಜ್ಯೋತ್ಸವಕ್ಕೆ ಹೇಗೂ ಶಾಲೆಗೆ ಸಿಹಿ ಕೊಡುತ್ತೇವೆ. ಅದಕ್ಕೆ ಮೊದಲ ದಿನ ಆ ವರ್ಷ ಹೊಸದಾಗಿ ಪಟ್ಟಿಗೆ ಸೇರಿದ ಊರಿನ ಮಕ್ಕಳನ್ನು ಡೈರಿಯ ಮುಂದೆ ಕರೆದು, ಹಿರಿಯರ ಕೈಯಲ್ಲಿ ಒಂದು ಹೂವು ಕೊಡಿಸೋಣ. ಹಿಮಾಚಲದ ಕಲ್ಪಾ ಎಂಬ ಹಳ್ಳಿಯಲ್ಲಿ ಶ್ಯಾಮ್ ಶರಣ್ ನೇಗಿ ಅಂತ ಒಬ್ಬ ಶಾಲಾ ಮೇಷ್ಟ್ರು ಇದ್ದರು. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯಲ್ಲಿ, ಹಿಮ ಬೀಳುವ ಮೊದಲೇ ಅಲ್ಲಿ ಮತದಾನ ಇಟ್ಟಿದ್ದರಿಂದ, 1951ರ ಅಕ್ಟೋಬರಿನಲ್ಲೇ ಓಟು ಹಾಕಿದರು. ಅಲ್ಲಿಂದ 2022ರ ನವೆಂಬರಿನಲ್ಲಿ, ತೀರಿಕೊಳ್ಳುವ ಕೆಲವೇ ದಿನ ಮೊದಲು ಮನೆಯಲ್ಲೇ ಅಂಚೆ ಮತ ಹಾಕುವ ತನಕ ಅವರು ಬಿಡಲಿಲ್ಲ. ಅವರಿಗೆ ಆಗ 105 ವರ್ಷ ಅಂತ ಹೇಳುತ್ತಾರೆ. ಓಟು ಹಾಕುವುದು ಅಂಥ ಹಿರಿಯರು ನಮ್ಮ ಕೈಗಿಟ್ಟು ಹೋದ ಕೆಲಸ.

ಬಂಧುಗಳೇ, ಹಸು ಕಟ್ಟಿದ ಮನೆಯವರಿಗೆ ಒಂದು ವಿಚಾರ ಗೊತ್ತು. ಕರುವಿಗೆ ಎಳೆಯದರಲ್ಲೇ ಹಗ್ಗ, ಗೋದಲಿ, ಕೈ ಸವರಿಕೆ ಎಲ್ಲಾ ಅಭ್ಯಾಸ ಮಾಡಿಸದಿದ್ದರೆ, ಅದು ಈದ ಮೇಲೆ ಹಾಲು ಕರೆಯಲು ಹೋದವರಿಗೆ ಒದೆಯುತ್ತದೆ. ಮಕ್ಕಳಿಗೂ ಓಟಿನ ಅಭ್ಯಾಸ ಎಳೆತನದಲ್ಲೇ ಆಗಲಿ. ಸಾಲಿನಲ್ಲಿ ನಿಲ್ಲುವುದು, ತನ್ನ ಹೆಸರು ತಾನೇ ಹುಡುಕುವುದು, ಗುಟ್ಟಾಗಿ ಯೋಚಿಸಿ ಗುರುತು ಹಾಕುವುದು, ಸೋತರೆ ಗೆದ್ದವನ ಕೈ ಕುಲುಕುವುದು, ಗೆದ್ದವನನ್ನು ಆಮೇಲೆ ಪ್ರಶ್ನೆ ಕೇಳುವುದು. ಇಷ್ಟನ್ನು ಕಲಿತ ಮಗು ಮುಂದೆ ಸಂಘಕ್ಕೂ ಒಳ್ಳೇ ಸದಸ್ಯ, ಪಂಚಾಯಿತಿಗೂ ಒಳ್ಳೇ ಪ್ರಜೆ.

ಈ ನಾಲ್ಕು ಕೆಲಸವನ್ನು ಮುಂದಿನ ಆಡಳಿತ ಮಂಡಳಿ ಸಭೆಯ ಅಜೆಂಡಾದಲ್ಲಿ ಸೇರಿಸಬೇಕೆಂದು ಮಾನ್ಯ ಅಧ್ಯಕ್ಷರಲ್ಲಿ ಕೇಳಿಕೊಳ್ಳುತ್ತೇವೆ.

ಜೈ ಸಹಕಾರ. ಜೈ ಕರ್ನಾಟಕ.